ಅರಳಿಕಟ್ಟೆ ಬಿಟ್ಟು ಕದಲದ ಚುಕ್ಕಿಗೆ

ಫೋನಿನ ನಕ್ಷೆಯ ಮೇಲೆ ಸದಾ ಮಿನುಗುವ ಶ್ರೀಮಾನ್ ನೀಲಿ ಚುಕ್ಕಿಯವರ ಸನ್ನಿಧಿಗೆ, ತಗಡೂರು ಪಕ್ಕದ ಹಳ್ಳಿಯಿಂದ ಮಾದೇಶ್ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ಭಾನುವಾರ ನಮ್ಮ ಮನೆಯ ಬೀಗರ ಊಟದ ದಿನವೂ ತಾವು ಕ್ಷೇಮವಾಗಿಯೇ ಇದ್ದಿರಿ, ಟಿ. ನರಸೀಪುರದ ಸೇತುವೆಯ ಪಕ್ಕ, ಅಲುಗಾಡದೆ.

ನಮ್ಮ ಮಗಳು ಭಾನುಪ್ರಿಯಾಳನ್ನು ನರಸೀಪುರದ ಕಡೆಗೆ ಕೊಟ್ಟಿದ್ದೇವೆ. ಅವಳ ಅತ್ತೆ ಮಂಗಳಮ್ಮನವರು ನೆಂಟರೊಡನೆ ವ್ಯಾನಿನಲ್ಲಿ ಬರುವ ದಿನಕ್ಕೆಂದು, ಮದುವೆಮನೆಯಲ್ಲೇ, ಅವರ ಚುಕ್ಕಿ ನನಗೂ ನನ್ನ ಚುಕ್ಕಿ ಅವರಿಗೂ ಕಾಣುವಂತೆ ಇಬ್ಬರ ಫೋನಿನಲ್ಲೂ ತಮ್ಮನ್ನು ಪ್ರತಿಷ್ಠಾಪಿಸಿದವಳು ಅವಳೇ. ನಮ್ಮಲ್ಲಿ ಬೀಗರು ಊರ ಮುಂದಿನ ಅರಳಿಕಟ್ಟೆಯ ಬಳಿ ನಿಲ್ಲುತ್ತಾರೆ; ಹೆಣ್ಣಿನ ಕಡೆಯವರು ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು ಹೋಗಿ ಕರೆದರೇ ಒಳಗೆ ಹೆಜ್ಜೆ. ಎಲ್ಲಿದ್ದೀರಿ ಎಂದು ನಾವು ಫೋನ್ ಮಾಡಿದರೆ ಅವಸರಪಡಿಸಿದಂತೆ. ಬಂದಿದ್ದೇವೆ, ಕರೆಯಿರಿ ಎಂದು ಅವರು ಮಾಡಿದರೆ ಅವರಿಗೆ ಅವಮಾನ. ಆದ್ದರಿಂದ ಎರಡೂ ಕಡೆಯವರು ತಮ್ಮನ್ನೇ ನಂಬಿದೆವು.

ತಾವು ಬೀಗರನ್ನು ಸೇತುವೆಯ ಪಕ್ಕದ ಟೀ ಅಂಗಡಿಯಲ್ಲಿ ಕೂರಿಸಿದಿರಿ. ಎಷ್ಟು ಟೀ ಕುಡಿಯುತ್ತಾರಪ್ಪಾ ಎಂದುಕೊಳ್ಳುತ್ತಲೇ ನಾನು ಅಡುಗೆಯವರಿಗೆ ಈಗಲೇ ಹಿಟ್ಟು ತಿರುವಬೇಡಿ, ಮುದ್ದೆ ಆರಿಹೋಗುತ್ತದೆ ಎಂದು ತಾಕೀತು ಮಾಡಿ ಜಗಲಿಯ ಮೇಲೆ ಕಾಲು ಚಾಚಿದೆ. ಕತ್ತೆತ್ತಿ ರಸ್ತೆ ನೋಡುವ ಹಳೇ ಪದ್ಧತಿಯನ್ನು ತಮ್ಮ ಗೌರವಾರ್ಥ ಕೈಬಿಟ್ಟಿದ್ದೆ.

ಆಗ ಅತ್ತೆಯ ಜೊತೆ ಬರಬೇಕಿದ್ದ ಮಗಳು ವ್ಯಾನಿನಿಂದಿಳಿದು ಒಬ್ಬಳೇ ಬಂದಳು, ಕಣ್ಣಲ್ಲಿ ನೀರು. "ಅಪ್ಪ, ಅತ್ತೆಯೋರು ಆಗ್ಲಿಂದ ಕಟ್ಟೆ ತಾವೇ ಅವ್ರೆ. ನೀನೂ ಅಲ್ಲೇ ಇದ್ದೀಯ ಅಂತ ಅವ್ರ ಫೋನು ತೋರುಸ್ತಾ ಅದೆ. ಬೇಕಂತ ಅವಿತ್ಕಂಡವ್ನೆ, ವ್ಯಾನು ತಿರುಗ್ಸಿ ಅಂತಾವ್ರೆ."

ಬೆಳಿಗ್ಗೆ ಬಾಳೆಕಂಬ ಕಟ್ಟಲು ಅಲ್ಲಿಗೆ ಹೋಗಿದ್ದೆನಲ್ಲ, ತಾವು ನನ್ನನ್ನು ಅಲ್ಲೇ ಬಿಟ್ಟು ಬಂದಿದ್ದಿರಿ. ಬೀಗರ ಚುಕ್ಕಿಯನ್ನು ಒತ್ತಿ ನೋಡಿದೆ. ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣದಾಗಿ, ಬೂದಿ ಬಣ್ಣದಲ್ಲಿ, 'ಒಂದು ಗಂಟೆಯ ಹಿಂದೆ' ಎಂದಿತ್ತು. ತಮ್ಮ ಈ ವಿನಯಕ್ಕೆ ಏನು ಹೇಳಲಿ! ವ್ಯಾನು ತಿರುಗಿದ್ದರೆ, ತವರಿನವರು ಮರ್ಯಾದೆ ಕಾಣದವರು ಎಂಬ ಮಾತನ್ನು ನನ್ನ ಮಗಳು ಬದುಕಿರುವವರೆಗೂ ಕೇಳಬೇಕಿತ್ತು. ನಿಜಕ್ಕೂ ಹೆದರಿದೆ. ಚೊಂಬು ಹಿಡಿದು ಬರಿಗಾಲಲ್ಲಿ ಓಡಿದೆ.

ಮಂಗಳಮ್ಮನವರು ವ್ಯಾನಿನಿಂದ ಇಳಿಯಲಿಲ್ಲ. ಬೇರೆ ದಾರಿ ಕಾಣದೆ ನನ್ನ ಫೋನನ್ನೇ ಅವರ ಮುಂದೆ ಹಿಡಿದೆ. ಅದರಲ್ಲಿ ಅವರಿನ್ನೂ ನರಸೀಪುರದಲ್ಲಿ ಟೀ ಕುಡಿಯುತ್ತಿದ್ದರು. ಅವರ ಫೋನಿನಲ್ಲಿ ನಾನು ಅವರ ಪಕ್ಕದಲ್ಲೇ ಅವಿತಿದ್ದೆ. ಎರಡನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಳಗಿಳಿದು, ನೀರಿಗೆ ಕಾಲು ಚಾಚಿದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ನಮ್ಮ ಮನೆಯ ನಿನ್ನೆಯ ಸಾರು ಹಳಸಿದರೆ ವಾಸನೆಯಿಂದಲೇ ತಿಳಿಸುತ್ತದೆ. ತಾವೂ ಹಾಗೊಂದು ವಾಸನೆಯನ್ನು ದಯಮಾಡಿ ಬರಿಸಿಕೊಳ್ಳಬೇಕು. ಆಗದಿದ್ದರೆ ಹೊತ್ತು ಹೋದಂತೆ ಗಡ್ಡವನ್ನಾದರೂ ಬಿಡಬೇಕು.

ಇಂತಿ, ತಮ್ಮ ಲೆಕ್ಕದಲ್ಲಿ ಇನ್ನೂ ಕಟ್ಟೆಯ ಬಳಿಯೇ ಇರುವ
ತಮ್ಮ ವಿಶ್ವಾಸಿ,
ಮಾದೇಶ್

ಮರೆತ ಮಾತು: ಮಗಳು ಈಗ ನಕ್ಷೆ ನೋಡುವುದನ್ನು ಬಿಟ್ಟು, ದಿನಾ ಸಂಜೆ ಫೋನ್ ಮಾಡಿ ಎಲ್ಲಿದ್ದೀಯಪ್ಪ ಎಂದು ಕೇಳುತ್ತಾಳೆ. ಈ ಉಪಕಾರಕ್ಕಾಗಿ ತಾವು ದಯವಿಟ್ಟು ಹೀಗೇ ಕೆಟ್ಟಿರಬೇಕು.