ವುಡ್ ಯು ಮೈಂಡ್

ಭೀಮಗೊಂಡನಿಗೆ ಬೇಕಾಗಿದ್ದದ್ದು ಬರೀ ಅರ್ಧ ದಿನದ ರಜೆ. ಅದನ್ನು ಇಂಗ್ಲಿಷಿನಲ್ಲಿ ಕೇಳಬೇಕಾಗಿ ಬಂದದ್ದೇ ಕುತ್ತಾಯಿತು.

ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾರಕೂನ ಅವನು. ಎಂಬತ್ತೇಳರ ಹಂಗಾಮು. ಅಂದು ಸಂಜೆ ನಾಲ್ಕಕ್ಕೆ ಏಕಸಂಬಿಯಲ್ಲಿ ಹೆಣ್ಣು ನೋಡುವುದಿತ್ತು. ಮೂವತ್ತು ದಾಟಿದವನಿಗೆ ಇದು ಏಳನೆಯ ಹೆಣ್ಣು. ಫೋಟೋ ನೋಡಿದಾಗಿನಿಂದ ಊಟ ರುಚಿಸಿರಲಿಲ್ಲ. ಇವತ್ತು ತಪ್ಪಿದರೆ ನಾಳೆ ಅಥಣಿಯ ವರ ಬರುತ್ತಾನೆಂದು ಹುಡುಗಿಯ ಅಪ್ಪ ಭಾವುಸಾಹೇಬರು ಹೇಳಿ ಕಳಿಸಿದ್ದರು. ಹಳೆಯ ಮ್ಯಾನೇಜರಾಗಿದ್ದರೆ ಕನ್ನಡದಲ್ಲೋ ಮರಾಠಿಯಲ್ಲೋ ಕೇಳಬಹುದಿತ್ತು. ಹೋದ ವಾರ ಮದ್ರಾಸಿನಿಂದ ಬಂದ ಹೊಸ ಸಾಹೇಬರಿಗೆ ಎರಡೂ ಬಾರವು.

“'ಗಿವ್ ಮಿ ಲೀವ್' ಅಂದ್ರ ನಡೀತೈತೇನ್ರಿ?” ಎಂದು ಹೆಡ್ ಕ್ಲಾರ್ಕ್ ಆಬಾಸಾಹೇಬರನ್ನು ಕೇಳಿದ.

“ಥೂ ಲೇ, ಅದು ದರೋಡಿ ಮಾಡಿದಂಗ ಆಗತೈತಿ! ಹೊಂಟಾವ್ರಿಗೆ ನಾವು 'ಎಲ್ಲಿಗೆ' ಅಂತ ಕೇಳ್ತೀವೇನು? 'ದೂರ ಹೊಂಟ್ರೇನ್ರಿ' ಅಂತ ಸುತ್ತ ಹಾಕಿ ಕೇಳ್ತೀವಿ. ಇಂಗ್ಲಿಷಿನ್ಯಾಗೂ ಹಂಗ. 'ವುಡ್ ಯು ಮೈಂಡ್ ಗಿವಿಂಗ್ ಮಿ ಹಾಫ್ ಡೇ ಲೀವ್' ಅನ್ನು. ಸಾಹೇಬ್ರು ಬೆಲ್ಲದಂಗ ಕರಗ್ತಾರ.”

ಇಷ್ಟು ಹೇಳಿ ಆಬಾಸಾಹೇಬರು ಕಾಗವಾಡಕ್ಕೆ ಏನೋ ಕೆಲಸವೆಂದು ಹೋಗಿಬಿಟ್ಟರು. ಭೀಮಗೊಂಡ ಗಾಡಿ ತೂಗುತ್ತಲೇ ಮಂತ್ರ ಜಪಿಸಿದ. ಗಾಡಿ ಹೊಡೆಯುವ ಲಗಮಪ್ಪನಿಗೆ ಗಾಬರಿಯಾಯಿತು. “ಯಪ್ಪಾ, ಎಷ್ಟ ಟನ್ ಅಂತ ಕನ್ನಡದಾಗ ಹೇಳ್ರಿ. ಯಾಕ ಶಾಪ ಹಾಕಾಕತ್ತೀರಿ?”

ಹನ್ನೊಂದಕ್ಕೆ ಸಾಹೇಬರ ಕೋಣೆಗೆ ಹೋಗಿ ಕಣ್ಣು ಮುಚ್ಚಿ ಪಾಠ ಒಪ್ಪಿಸಿದ. ಸಾಹೇಬರು ತಲೆ ಎತ್ತಿ, ನಕ್ಕು, “ನಾಟ್ ಎಟ್ ಆಲ್” ಎಂದರು.

ನಾಟ್ ಎಂದರೆ ಇಲ್ಲ. ಮೇಲೆ ಎಟ್ ಆಲ್ ಬೇರೆ ಸೇರಿದರೆ ಇಲ್ಲವೇ ಇಲ್ಲ. ಅಷ್ಟು ಇಂಗ್ಲಿಷ್ ಅವನಿಗೂ ಬರುತ್ತಿತ್ತು.

“ನಕ್ಕೋತ ಇಲ್ಲ ಅಂದ್ರಾ?” ಪಕ್ಕದ ಮೇಜಿನ ಗಂಗಾರಾಮ ಲೊಚಗುಟ್ಟಿದ. “ಬೈದು ಇಲ್ಲ ಅಂದಾವ್ರು ಸಂಜಿಗೆ ಹೂಂ ಅಂತಾರ. ನಕ್ಕು ಇಲ್ಲ ಅಂದಾವ್ರ ಕಡೆ ಮತ್ತ ಹೋಗಬಾರದು. ಆ ಹುಡುಗಿ ಋಣ ನಿನಗಿಲ್ಲ, ಬಿಡು.”

ಪಾಪ, ಭೀಮಗೊಂಡನ ಕಣ್ಣು ತುಂಬಿ ಬಂತು. ಒಂದೇ ಗಾಡಿಯನ್ನು ಎರಡು ಸಲ ತೂಗಿದ.

ಮೂರಕ್ಕೆ ಮರಳಿದ ಆಬಾಸಾಹೇಬರು ಕಥೆ ಕೇಳಿ ಹಣೆ ಬಡಿದುಕೊಂಡರು. “ಹುಚ್ಚಪ್ಯಾಲಿ! ನಿಮಗೇನರ ಅಡ್ಡಿ ಐತೇನ್ರಿ ಅಂತ ನೀ ಕೇಳಿದಿ. ಏನೂ ಅಡ್ಡಿ ಇಲ್ಲ ಅಂತ ಅವ್ರು ಅಂದ್ರು. ಅಲ್ಲಿ ಇಲ್ಲ ಅಂದ್ರನ ಹೌದು! ನನ್ನ ಲೂನಾ ತಗೊಂಡು ಓಡು!”

ಏಕಸಂಬಿ ಮುಟ್ಟುವಾಗ ನಾಲ್ಕೂವರೆ. ಮುಖದ ತುಂಬ ಧೂಳು. ಬೆಳಿಗ್ಗೆಯೇ ಬಂದು ಕೂತಿದ್ದ ಅವ್ವ ಕಣ್ಣಲ್ಲೇ ಬೈದಳು. ಭಾವುಸಾಹೇಬರು ದೊಡ್ಡ ಮನಸ್ಸಿನವರು. “ಇರಲಿ ಬರ್ರಿ, ಕೆಲಸದ ಮನಿಶಾ” ಎಂದು ಕೂರಿಸಿದರು. ಅವರ ಮಗಳು ರಾಜಮತಿ ಅವಲಕ್ಕಿ ತಂದಿಟ್ಟಳು. ಹುಡುಗಿ ಫೋಟೋಗಿಂತ ಚೆಂದವಿದ್ದಳು.

“ನಮ್ಮಾಕಿ ಚಿಕ್ಕೋಡಿ ಕಾಲೇಜಿನ್ಯಾಗ ಬಿ.ಎ. ಓದಾಕತ್ತಾಳ. ಇಂಗ್ಲಿಷ್ ಭಾಳ ಚೊಲೋ. ನೀವೂ ಇಂಗ್ಲಿಷ್ ಸಾಹೇಬ್ರ ಕೈಯಾಗ ಇದ್ದಾವ್ರು,” ಎಂದರು ಭಾವುಸಾಹೇಬರು. “ಕೇಳವಾ, ಏನು ಕೇಳೂದೈತಿ.”

ರಾಜಮತಿ ನೆಲ ನೋಡುತ್ತಾ ಕೇಳಿದಳು: “ವುಡ್ ಯು ಮೈಂಡ್ ವೇಟಿಂಗ್ ಟೂ ಇಯರ್ಸ್? ಬಿ.ಎ. ಮುಗಿಸಬೇಕಂತೀನ್ರಿ.”

ಇನ್ನೂ ಎರಡು ವರ್ಷ! ಭೀಮಗೊಂಡನ ಕೂದಲುದುರಿ ಆಗಲೇ ನೆತ್ತಿ ಕಾಣತೊಡಗಿತ್ತು. ಕಲಿತದ್ದೆಲ್ಲ ಮರೆತು, “ನೋ! ನೋ! ನೋ!” ಎಂದು ಕೂಗಿಬಿಟ್ಟ.

ರಾಜಮತಿಯ ಮುಖ ಅರಳಿತು.

“ಏನಂದ್ರವಾ?” ಭಾವುಸಾಹೇಬರು ಕೇಳಿದರು.

“ಅಡ್ಡಿ ಇಲ್ಲ ಅಂದ್ರಪ್ಪಾ. ಮೂರ ಸಲ ಅಂದ್ರು.”

“ದೇವರಂಥಾ ಮನಿಶಾ! ಸಂಬಂಧ ಕೂಡಿತು, ಸಕ್ಕರಿ ತರ್ರಿ!”

ಹಾಗಲ್ಲ ಎನ್ನಲು ಭೀಮಗೊಂಡ ಬಾಯಿ ತೆರೆದ. ಅಷ್ಟರಲ್ಲಿ ರಾಜಮತಿ ಮೊದಲ ಸಲ ಅವನನ್ನು ನೇರವಾಗಿ ನೋಡಿ ನಕ್ಕಳು. ತೆರೆದ ಬಾಯಿಗೆ ಭಾವುಸಾಹೇಬರು ಸಕ್ಕರೆ ಹಾಕಿದರು.