ಕಪಾಟಿನ ನಾದ

ನಾಸಿಕ್ ರೋಡಿನ ಉಮಾನಾಥನ ಎಡಗಿವಿಯ ಬಗ್ಗೆ ಪುರಾಣಗಳಿದ್ದವು. ಬಿಟ್ಕೋ ಚೌಕದಿಂದ ದೇವಳಾಲಿಯವರೆಗೆ ಅವು ಹಬ್ಬಿದ್ದವು. ಹಬ್ಬಿಸಿದವರು ಬಹುತೇಕ ಅವನ ಬ್ಯಾಂಕಿನ ಸಹೋದ್ಯೋಗಿಗಳು. ಎರಡು ಮಹಡಿ ಮೇಲಿನ ಮನೆಯ ಫ್ರಿಜ್ಜು ಕೆಡುವುದು ಮೂರು ದಿನ ಮೊದಲೇ ಅವನಿಗೆ ತಿಳಿಯುತ್ತಿತ್ತಂತೆ. (ಮೆಟ್ಟಿಲು ಹತ್ತಿ ಹೋಗಿ ಎಚ್ಚರಿಸಿದಾಗ ಆ ಮನೆಯವರು ಮುಖದ ಮೇಲೆ ಬಾಗಿಲು ಹಾಕಿದರಂತೆ, ನಾಲ್ಕನೆಯ ದಿನ ತಾವೇ ಇಳಿದು ಬಂದು ಒಡೆದ ಹಾಲು ತೋರಿಸಿದರಂತೆ.) ಸ್ಟೇಷನ್ನಿನಲ್ಲಿ ನಿಂತ ಇಂಜಿನ್ನಿನ ಗುಂಯ್‌ಕಾರ ಕೇಳಿ, ಇದು ಮನಮಾಡ್ ಮುಟ್ಟುತ್ತದೋ ಇಲ್ಲವೋ ಎಂದು ಭವಿಷ್ಯ ನುಡಿಯುತ್ತಿದ್ದನಂತೆ. ಔರಂಗಾಬಾದಿನ ಶಾಖೆಯಲ್ಲಿದ್ದಾಗ ಎಕ್ಸಾಸ್ಟ್ ಫ್ಯಾನಿಗೆ ಕಿವಿಗೊಟ್ಟು ನಿಂತು, ತಪಾಸಣೆಗೆ ಬಂದ ಸಾಹೇಬರಿಗೆ "ಶ್…" ಎಂದದ್ದು ಮಾತ್ರ ಪುರಾಣವಲ್ಲ, ಇತಿಹಾಸ. ಅದರ ಫಲವಾಗಿಯೇ ಅವನಿಗೆ ನಾಸಿಕ್ ರೋಡಿಗೆ ವರ್ಗವಾದದ್ದು.

ಇಂಥ ಕಿವಿಗೆ ತಕ್ಕ ಸಾಮ್ರಾಜ್ಯ ಸಿಕ್ಕಿದ್ದು 2011ರಲ್ಲಿ, ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ. ಮಗಳು ರುಚಿತಾ ಹುಡುಕಿ ಕೊಟ್ಟ ಒಂದು ವೆಬ್‌ಸೈಟಿನಲ್ಲಿ ಜಗತ್ತಿನ ನೂರಾ ನಲವತ್ತು ಜನ ಕೂಡಿ ‘ಡ್ರೋನ್’ ಎಂಬ ಸಂಗೀತ ಮಾಡಿ ಪರಸ್ಪರ ಕೇಳಿಸುತ್ತಿದ್ದರು. ತಂಬೂರಿ ಶ್ರುತಿ ಹಿಡಿಯುತ್ತದೆ, ಹಿಡಿದುಕೊಂಡೇ ಇರುತ್ತದೆ, ಹಾಡುವವರು ಬರುವುದೇ ಇಲ್ಲ. ಸ್ಥೂಲವಾಗಿ ಇದೇ ಅದರ ಶಾಸ್ತ್ರ. ಒಂದೇ ಸದ್ದು, ಇಪ್ಪತ್ತು ನಿಮಿಷ.

ಅವನ ಹೆಂಡತಿ, ಬಿಜಾಪುರದ ಹೆಣ್ಣುಮಗಳು ಗೋದಾವರಿ, ಮೊದಲ ದಿನ ಐದು ನಿಮಿಷ ತಾಳ್ಮೆಯಿಂದಲೇ ಕಾದಳು.

"ಹಾಡು ಯಾವಾಗ ಸುರು ಆಗ್ತದ್ರಿ?"

"ಸುರು ಆಗೇದಲ್ಲ."

"ಇದs ಏನು? ನಾ ನೀರಿನ ಮೋಟರ್ ಹಚ್ಚಿ ಮರತೀನಿ ಅನ್ಕೊಂಡೆ." ಎದ್ದು ಹೋಗಿ ಮೋಟರ್ ನೋಡಿ ಬಂದಳು ಸಹ.

ಆ ಬಳಗಕ್ಕೆ ಒಂದೇ ನಿಯಮ. ಯಾರು ಏನು ಕೇಳಿಸಿದರೂ, ಕೇಳಿದವರು ಅದರ ಬಗ್ಗೆ ಒಂದಾದರೂ ಒಳ್ಳೆಯ ಮಾತು ಬರೆಯಬೇಕು. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ದುಡಿದು ಒಂದೂ ಒಳ್ಳೆಯ ಮಾತು ಕೇಳದ ಉಮಾನಾಥನಿಗೆ ಇದು ಸ್ವರ್ಗದ ಸಂವಿಧಾನದಂತೆ ಕಂಡಿತು. ಅವನ ಚೊಚ್ಚಲ ಕೃತಿ, ಓಣಿಯ ಹಿಟ್ಟಿನ ಗಿರಣಿಯ ಸದ್ದು. ಹದಿನಾಲ್ಕು ಜನ ಹೊಗಳಿದರು. ಚಿಲಿ ದೇಶದವನೊಬ್ಬ ಕಣ್ಣೀರು ಬಂತೆಂದು ಬರೆದ.

"ಗಿರಣಿಗೆ ಹೋದ್ರ ನನಗೂ ಬರ್ತದ," ಅಂದಳು ಗೋದಾವರಿ. "ಹಿಟ್ಟು ಕಣ್ಣಾಗ ಬಿದ್ದು."

ಎರಡು ವರ್ಷದಲ್ಲಿ ಉಮಾನಾಥ ಅರವತ್ತು ಕೃತಿ ರಚಿಸಿದ. ಅರವತ್ತಕ್ಕೂ ಹೊಗಳಿಕೆ ಬಂತು. ಆದರೆ ಸ್ವರ್ಗದಲ್ಲಿಯೂ ಒಂದು ಮುಳ್ಳು ಇರುತ್ತದಲ್ಲ: ಎಲ್ಲರಿಗೂ ಬರುತ್ತಿದ್ದ ಹೊಗಳಿಕೆ ಅದು. ಟೇಬಲ್ ಫ್ಯಾನ್ ಮುಂದೆ ಬಾಚಣಿಗೆ ಹಿಡಿದವನಿಗೂ ಅಷ್ಟೇ, ಉಮಾನಾಥನಿಗೂ ಅಷ್ಟೇ. ನಿಯಮಕ್ಕಾಗಿ ಅಲ್ಲದೆ, ತಡೆಯಲಾರದೆ ಯಾರಾದರೂ ಒಮ್ಮೆ ಹೊಗಳಬೇಕು, ಮತ್ತು ತನ್ನ ಹೆಂಡತಿ ಒಂದೇ ಒಂದು ಕೃತಿಯನ್ನು ಕೊನೆಯವರೆಗೆ ಕೂತು ಕೇಳಬೇಕು. ಐವತ್ತೆರಡನೆಯ ವಯಸ್ಸಿನಲ್ಲಿ ಅವನಿಗಿದ್ದ ಆಸೆ ಇಷ್ಟೇ. ಅದು ಪ್ರಮೋಷನ್ನಿಗಿಂತ ಕಷ್ಟದ್ದೆಂದು ಅವನಿಗೆ ಗೊತ್ತಿತ್ತು.

2013ರ ಜೂನ್‌ನಲ್ಲಿ ಗೋದಾವರಿಯ ಅಣ್ಣ ಜಯರಾಮ ಖುಲ್ತಾಬಾದಿನಿಂದ ಬಂದ. ಪುರಾತತ್ವ ಇಲಾಖೆಯಲ್ಲಿ ಗುಮಾಸ್ತನಾಗಿದ್ದು, ವೇರೂಳದ (ಎಲ್ಲೋರಾದ) ಗುಹೆಗಳ ನೆರಳಿನಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವ. ಮದುವೆಯಾಗಿರಲಿಲ್ಲ. ನಾಲಿಗೆ ಕತ್ತರಿಯಂತೆ ಆಡುತ್ತಿತ್ತು. ಹೊಟ್ಟೆಯಲ್ಲಿ ಗಡ್ಡೆ. ನಾಸಿಕಿನ ವೈದ್ಯರು ತೆರೆದು ನೋಡಿ, ಮತ್ತೆ ಹೊಲಿದು, ಮನೆಯಲ್ಲೇ ಇರಲಿ ಅಂದರು. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ನೋವಿನ ಗುಳಿಗೆ. ಅಡುಗೆಮನೆಗೆ ಹತ್ತಿಕೊಂಡ ಹಿಂದಿನ ಕೋಣೆಯಲ್ಲಿ ಅವನ ಮಂಚ ಹಾಕಿದರು.

ದುರದೃಷ್ಟವಶಾತ್ (ಯಾರ ದುರದೃಷ್ಟ ಎಂಬುದು ಮುಂದೆ ತಿಳಿಯುತ್ತದೆ) ಅದು ಉಮಾನಾಥನ ಧ್ವನಿಮುದ್ರಣದ ಕೋಣೆಯಾಗಿತ್ತು. ಬರಿಗೋಡೆ, ಒಂದು ಮೂಲೆಯಲ್ಲಿ ಹಳೆಯ ಉಕ್ಕಿನ ಕಪಾಟು. ಅವನ ಕಾರ್ಯವಿಧಾನ ಹೀಗೆ: ಸ್ಪೀಕರಿನಲ್ಲಿ ಒಂದು ಸದ್ದನ್ನು ಜೋರಾಗಿ ಹಚ್ಚುವುದು, ಕಪಾಟಿನ ಮೇಲಿಟ್ಟ ಮೊಬೈಲಿನಲ್ಲಿ ಅದನ್ನು ಮುದ್ರಿಸುವುದು. ಮರುದಿನ ಆ ಮುದ್ರಿಕೆಯನ್ನೇ ಹಚ್ಚಿ ಮತ್ತೆ ಮುದ್ರಿಸುವುದು. ಹೀಗೆ ದಿನದಿನವೂ ಕೋಣೆಯ ಗೋಡೆ, ಕಪಾಟು, ನೆಲ ಎಲ್ಲವೂ ತಮ್ಮ ತಮ್ಮ ದನಿ ಸೇರಿಸುತ್ತ ಹೋಗಿ ಸದ್ದು ದಪ್ಪವಾಗುತ್ತದೆ. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು. ಸ್ವತಃ ಉಮಾನಾಥನೂ ಬಾಗಿಲು ಎಳೆದುಕೊಂಡು ಹೊರಗಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ.

ಮಂಚದ ಮೇಲಿದ್ದವನನ್ನು ಹೊರಗಿಡುವಂತಿರಲಿಲ್ಲ.

"ಜಯರಾಮಣ್ಣ, ಇಪ್ಪತ್ತೆರಡು ನಿಮಿಷ ಹಂಗs ಸುಮ್ನ ಮಲಕ್ಕೊಂಡಿರಬೇಕು ನೋಡ್ರಿ."

"ಎದ್ದು ಎಲ್ಲಿ ಕುಣೀಲಿಕ್ಕೆ ಹೋಗ್ಲಿ, ಉಮಾನಾಥರಾವ್?"

ಮೊದಲ ದಿನ ಸಂಜೆ ಆರಕ್ಕೆ ಮುದ್ರಣ ನಡೆಯಿತು. ಮುಗಿದ ಮೇಲೆ ಜಯರಾಮ ತೀರ್ಪು ಕೊಟ್ಟ: "ವೇರೂಳದಾಗ ಬಂದವ್ರೆಲ್ಲಾ ಗುಹಾದಾಗ ನಿಂತು ಓ ಅಂತ ಒದರೂದು ಮೂವತ್ತು ವರ್ಷ ಕೇಳೀನಿ. ಅವ್ರು ಒಂದ್ ಸರ್ತಿ ಒದರಿ ಚಹಾ ಕುಡೀಲಿಕ್ಕೆ ಹೋಗ್ತಿದ್ರು. ನಿಮ್ಮದು ಹೋಗೂದs ಇಲ್ಲಲ್ರಿ!"

ಅಡುಗೆಮನೆಯಿಂದ ಗೋದಾವರಿ ನಕ್ಕಳು. ಅಣ್ಣ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ಉಮಾನಾಥ ಅವಮಾನವನ್ನು ನುಂಗಿಕೊಂಡ.

ಆದರೆ ನಾಲ್ಕನೆಯ ದಿನ ಪವಾಡ ನಡೆಯಿತು. ಬ್ಯಾಂಕಿನಿಂದ ಬಂದು ಉಮಾನಾಥ ಬೂಟು ಬಿಚ್ಚುತ್ತಿದ್ದಾಗ ಒಳಗಿನಿಂದ ದನಿ ಬಂತು: "ಉಮಾನಾಥರಾವ್, ಇವತ್ತ ಇಲ್ಲೇನು ನಿಮ್ಮ ಸಂಗೀತ?"

ಉಮಾನಾಥ ಒಂದೇ ಬೂಟಿನಲ್ಲಿ ಓಡಿದ. ಮುಂದಿನ ವಾರ "ಇನ್ನಷ್ಟು ಜೋರ ಇಡ್ರಿ" ಎಂದ ಜಯರಾಮ. ಅದರ ಮುಂದಿನ ವಾರ "ಬಾಗಲಾ ಗಟ್ಟಿ ಹಾಕ್ಕೊಂಡು ಹೋಗ್ರಿ, ಗೋದೂಗ ಒಳಗ ಬಿಡಬ್ಯಾಡ್ರಿ, ನಡಕ ಬಂದ್ರ ಕೆಡ್ತದ" ಎಂದ. ಆಗಸ್ಟಿನಲ್ಲಿ "ಇಪ್ಪತ್ತೆರಡು ನಿಮಿಷ ಏನೂ ಸಾಲೂದಿಲ್ಲ, ನಲವತ್ತು ಮಾಡ್ರಿ" ಎಂದ. ಒಬ್ಬ ರಸಿಕ ಹುಟ್ಟುವುದನ್ನು ಉಮಾನಾಥ ಕಣ್ಣಾರೆ ಕಂಡ. ಬಾಗಿಲು ತೆಗೆದಾಗ ಜಯರಾಮನ ಬನಿಯನ್ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ಉಮಾನಾಥ ಅದನ್ನು ಬಳಗಕ್ಕೆ ವರದಿ ಮಾಡಿದ: ನನ್ನ ಭಾವ ರೋಗಿ, ಅವರಿಗೆ ನಮ್ಮ ಸಂಗೀತದಿಂದ ಮೈ ಬೆವರಿ ಹಗುರಾಗುತ್ತದೆ. ನೂರಾ ನಲವತ್ತು ಜನ ಧನ್ಯರಾದರು. ಬಳಗದ ಯಜಮಾನಿ ಹೆಲ್ಗಾ (ಆಸ್ಟ್ರಿಯಾದವಳು, ಜೇನು ಸಾಕುತ್ತಾಳೆ) "ನಾವು ಇದಕ್ಕಾಗಿಯೇ ಇರುವುದು" ಎಂದು ಬರೆದಳು.

ಗೋದಾವರಿ ಒಮ್ಮೆ ಗಂಜಿ ಹಿಡಿದು ಬಂದಳು. ಉಮಾನಾಥ ಗ್ಯಾಲರಿಯ ಕುರ್ಚಿಯಿಂದ ಎದ್ದು, ಕೋಟೆಯ ಬಾಗಿಲಲ್ಲಿ ಕೊನೆಯ ಸಿಪಾಯಿ ನಿಂತಂತೆ ಎರಡೂ ಕೈ ಚಾಚಿ ನಿಂತ.

"ಸರೀರಿ, ಗಂಜಿ ಆರ್ತದ."

"ಇನ್ನ ಹದಿನಾರು ನಿಮಿಷ ಅದ."

"ನನ್ನ ಅಣ್ಣ ಅವಾ! ಒಳಗ ಹೋಗಲಿಕ್ಕೆ ನಿಮ್ಮ ಪರ್ಮಿಷನ್ ಬೇಕೇನು?"

"ಅವ್ರs ಹೇಳ್ಯಾರ, ಯಾರನೂ ಬಿಡಬ್ಯಾಡ್ರಿ ಅಂತ. ಬೇಕಾದ್ರ ಕೇಳು."

ಕೇಳುವುದು ಹೇಗೆ? ಸ್ಪೀಕರಿನ ಸದ್ದಿಗೆ ಅಡುಗೆಮನೆಯ ಡಬ್ಬಿಗಳು ನಡುಗುತ್ತಿದ್ದವು. ಅವಳು ಗಂಜಿಯ ಮೇಲೆ ತಟ್ಟೆ ಮುಚ್ಚಿಕೊಂಡು ಹಿಂದಿರುಗಿದಳು.

ಗಣಪತಿ ಮುಳುಗಿಸುವ ಹಿಂದಿನ ದಿನ, ಮಧ್ಯಾಹ್ನ, ಜಯರಾಮ ತೀರಿಕೊಂಡ. ಮಾತಾಡಿಸಲು ಬಂದವರಿಗೆಲ್ಲ ಗೋದಾವರಿ ಒಂದೇ ಮಾತು ಹೇಳಿದಳು: "ಮೂರು ತಿಂಗಳದಾಗ ಒಂದ್ ದಿನಾ ಅಯ್ಯ ಅನ್ನಲಿಲ್ಲ ನಮ್ಮ ಅಣ್ಣ. ನೋವs ಇರಲಿಲ್ಲ ಅವಗ. ನಕ್ಕೋತ ಹೋದ." ಆ ಮಾತು ಹೇಳಿದ ದಿನ ಅವಳು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಹಾಗಾಗಿ ರುಚಿತಾ ತನ್ನ ಮರಾಠಿಯಲ್ಲಿ ಬೇಕೆಂದೇ ಕೇಳುತ್ತಿದ್ದಳು: "ಆಯೀ, ಮಾಮಾಗ ತ್ರಾಸ್ ನವ್ಹತಾ ನಾ?" "ಇಲ್ಲವಾ, ತ್ರಾಸ ಏನೇನೂ ಇರಲಿಲ್ಲ."

ಹದಿಮೂರು ದಿನ ಕಳೆದ ಮೇಲೆ ಉಮಾನಾಥ ತನ್ನ ರಸಿಕನಿಗೆ ಶ್ರದ್ಧಾಂಜಲಿ ಸಲ್ಲಿಸಲು ಕೂತ. ಅಳಿಸದೆ ಉಳಿಸಿಕೊಂಡ ಮೂವತ್ತೇಳು ಮುದ್ರಿಕೆಗಳಿದ್ದವು. ಅವುಗಳಲ್ಲಿ ಆಗಸ್ಟ್ ಕೊನೆಯದೊಂದು ಅವನನ್ನು ಹಿಡಿದು ನಿಲ್ಲಿಸಿತು. ಹನ್ನೊಂದನೆಯ ನಿಮಿಷದಲ್ಲಿ ಸದ್ದಿನ ತಳದಿಂದ ಇನ್ನೊಂದು ಸದ್ದು ಏಳುತ್ತಿತ್ತು. ತಗ್ಗಿನದು, ಉದ್ದನೆಯದು, ಏರಿ ತುದಿಯಲ್ಲಿ ಕತ್ತರಿಸಿ ಬೀಳುವಂಥದು. ಮತ್ತೆ ಏಳುತ್ತಿತ್ತು. ಉಮಾನಾಥನ ಜಗದ್ವಿಖ್ಯಾತ ಎಡಗಿವಿ ಮೂರು ಸಲ ಕೇಳಿ ನಿರ್ಣಯ ಕೊಟ್ಟಿತು: ಕಪಾಟಿನ ಬಾಗಿಲು ಅನುರಣಿಸುತ್ತಿದೆ. ಅವನು ‘ಕಪಾಟಿನ ನಾದ’ ಎಂದು ಹೆಸರಿಟ್ಟು, ಕೆಳಗೆ ‘ಜಯರಾಮನ ನೆನಪಿಗೆ’ ಎಂದು ಸೇರಿಸಿ ಬಳಗಕ್ಕೆ ಕಳಿಸಿದ.

ಆಮೇಲೆ ನಡೆದದ್ದಕ್ಕಾಗಿ ಅವನು ಬದುಕಿಡೀ ಕಾದಿದ್ದ. ಒಂದು ಸಾಲು ಬರೆಯುವವರು ಒಂದು ಪುಟ ಬರೆದರು. ನಾರ್ವೆಯ ಲಾರಿ ಚಾಲಕನೊಬ್ಬ ರಸ್ತೆ ಪಕ್ಕಕ್ಕೆ ಗಾಡಿ ನಿಲ್ಲಿಸಿ ಕೇಳಿದನಂತೆ. ಚಿಲಿಯವನು ಈ ಸಲ ಕಣ್ಣೀರಿನ ಮಾತೇ ಎತ್ತಲಿಲ್ಲ, "ಎರಡು ದಿನದಿಂದ ಏನೂ ಮಾಡಲಾಗುತ್ತಿಲ್ಲ" ಎಂದಷ್ಟೇ ಬರೆದ. ನಿಯಮಕ್ಕಾಗಿ ಬರೆದ ಮಾತುಗಳಲ್ಲ ಅವು. ಹೆಲ್ಗಾ ವರ್ಷದ ಸಂಕಲನದಲ್ಲಿ ಇದನ್ನು ಮೊದಲನೆಯದಾಗಿ ಇಡುವುದಾಗಿ ತಿಳಿಸಿ ಕೇಳಿದಳು: ಹನ್ನೊಂದನೆಯ ನಿಮಿಷದ ಆ ವಾದ್ಯ ಯಾವುದು? ಹೇಗೆ ನುಡಿಸಿದಿರಿ? ಎಲ್ಲರೂ ಕೇಳುತ್ತಿದ್ದಾರೆ, ದಯವಿಟ್ಟು ವಿವರವಾಗಿ ಬರೆಯಿರಿ.

ಉಮಾನಾಥ ವಿವರವಾಗಿಯೇ ಬರೆದ. ಉಕ್ಕು, ಶೂನ್ಯ, ಸಹ್ಯಾದ್ರಿ, ಗುಹೆ, ಅನಾಹತ ನಾದ ಎಲ್ಲವೂ ಬಂದ ನಾಲ್ಕು ಪುಟದ ಭಾಷ್ಯ. ಕಳಿಸುವ ಮುನ್ನ, ಉಳಿದ ಅರ್ಧ ಆಸೆಯನ್ನೂ ತೀರಿಸಿಕೊಳ್ಳಲು ಹೆಂಡತಿಯನ್ನು ಕರೆದ. ಭಾನುವಾರ, ಬೆಳಿಗ್ಗೆ ಹನ್ನೊಂದು.

"ಇದೊಂದು ಕೇಳು ಮಾರಾಯ್ತಿ. ನಿಮ್ಮ ಅಣ್ಣಗ ಭಾಳ ಸೇರತಿತ್ತು."

ಅಣ್ಣನ ಹೆಸರಿಗೆ ಅವಳು ಕೈ ಒರೆಸಿಕೊಂಡು ಬಂದು ಕೂತಳು. ಎರಡು ನಿಮಿಷ, ಐದು ನಿಮಿಷ. ಏಳಲಿಲ್ಲ. ಉಮಾನಾಥ ಅವಳ ಮುಖವನ್ನೇ ನೋಡಿದ. ಹನ್ನೊಂದನೆಯ ನಿಮಿಷ ಬಂತು. ಗೋದಾವರಿಯ ಮುಖ ನಿಧಾನವಾಗಿ ಬಿಳಿಚಿತು. ಬೆರಳು ಸೆರಗಿನ ತುದಿಯನ್ನು ಸುತ್ತುತ್ತಿದ್ದುದು ನಿಂತಿತು. ಕಲೆಯ ಪ್ರಭಾವ! ಉಮಾನಾಥ ತಡೆಯಲಾರದೆ ಪಿಸುಗುಟ್ಟಿದ:

"ಕಪಾಟು ಅದು."

"ಜಯಣ್ಣ," ಅಂದಳು ಅವಳು.

"ಏನು?"

"ಸಣ್ಣಾಂವ ಇದ್ದಾಗ ಚೇಳು ಕಡದಿತ್ತು ಅವಗ. ರಾತ್ರಿ ಪೂರ್ತಿ ಹಿಂಗs ಅಂದಿದ್ದ. ಅವ್ವಾ ಅಂತ ಸುರು ಮಾಡಿ, ಅವ್ವಗ ಕೇಳಬಾರದು ಅಂತ ನಡಕs ಬಾಯಿ ಮುಚ್ಚಿಕೊಳ್ಳಾಂವ." ಅವಳು ಕಣ್ಣು ಸ್ಪೀಕರಿನಿಂದ ಕೀಳಲಿಲ್ಲ. "ಕೇಳ್ರಿ. ಅವ್… ಅಲ್ಲೆ ನಿಂತಿತು. ನೋಡ್ರಿ, ಮತ್ತ."

ಉಮಾನಾಥನಿಗೂ ಈಗ ಕೇಳಿಸಿತು. ಒಮ್ಮೆ ಕೇಳಿಸಿದ ಮೇಲೆ ಬೇರೇನೂ ಕೇಳಿಸಲಿಲ್ಲ. ಸಂಜೆ ಆರು ಗಂಟೆ. ಎಂಟರ ಗುಳಿಗೆಗೆ ಇನ್ನೂ ಎರಡು ತಾಸು. ಆ ಕಡೆ ಗೋಡೆಯಾಚೆ ತಂಗಿ.

"ಅದಕ್ಕ ಜೋರ ಇಡಸ್ತಿದ್ದ," ಅಂದಳು ಗೋದಾವರಿ. "ಅದಕ್ಕ ಬಾಗಲಾ ಹಾಕಸ್ತಿದ್ದ. ದಿನಾ ನಲವತ್ತು ನಿಮಿಷ ಅವಗ ನರಳಲಿಕ್ಕೆ ಬೇಕಾಗಿತ್ತು."

ರುಚಿತಾ ಬಂದು "ಬಂದ್ ಕರಾ ಪಪ್ಪಾ, ಪ್ಲೀಜ್" ಅಂದಳು. ಗೋದಾವರಿ ಮಗಳ ಕೈ ಹಿಡಿದು ತಡೆದಳು. ನಲವತ್ತೂ ನಿಮಿಷ ಕೂತು ಕೇಳಿದಳು. ಉಮಾನಾಥನ ಆಸೆ ಹೀಗೆ ಅಕ್ಷರಶಃ ಈಡೇರಿತು.

ಮುಗಿದ ಮೇಲೆ ಅವಳು ಕೇಳಿದಳು: "ಇಂಥಾವು ಎಷ್ಟು ಅವ?"

"ಮೂವತ್ತೇಳು."

"ಎಲ್ಲಾದರಾಗೂ ಇದ್ದಾನೇನು?"

ಉಮಾನಾಥ ಪರದೆಯ ಮೇಲೆ ಮುದ್ರಿಕೆಗಳ ಪಟ್ಟಿಯನ್ನು ಕೆಳಗೆ ಸರಿಸಿದ. ಪ್ರತಿಯೊಂದನ್ನೂ ಹತ್ತು ಹತ್ತು ಸಲ ಕೇಳಿದ್ದ.

"ಮ್ಯಾಲಿನವರ ಫ್ರಿಜ್ಜು ಸಾಯೂದು ನಿಮಗ ಮೂರು ದಿನ ಮೊದಲs ಕೇಳಸ್ತದ," ಅಂದಳು. ಬೈಗುಳದ ಬಿರುಸು ಅದರಲ್ಲಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಸೇರಿಸಿದಳು: "ನನಗೂ ಕೇಳಸಲಿಲ್ಲ ಬಿಡ್ರಿ. ಗಂಜಿ ಮುಚ್ಚಿ ಇಟ್ಟು ಕೂತಿದ್ದೆ."

ಪರದೆಯ ಮೇಲೆ ನಾಲ್ಕು ಪುಟದ ಭಾಷ್ಯ ಕಾಯುತ್ತಿತ್ತು. ಗೋದಾವರಿಗೆ ಇಂಗ್ಲಿಷ್ ನಿಧಾನವಾಗಿ ಓದಲು ಬರುತ್ತಿತ್ತು. ಮೊದಲ ಸಾಲಿನ ಮೇಲೆ ಬೆರಳಿಟ್ಟು ಏನದು ಎಂದಳು. ಹೆಲ್ಗಾ ಕೇಳಿದ್ದನ್ನು ಉಮಾನಾಥ ಹೇಳಿದ.

"ಇದನ್ನ ಅಳಸಿಬಿಡ್ತೀನಿ. ಅಲ್ಲಿಂದನೂ ತೆಗಿ ಅಂತ ಹೇಳ್ತೀನಿ," ಅಂದ.

"ತೆಗೀಬ್ಯಾಡ್ರಿ. ಅಷ್ಟು ಜನರಾದ್ರೂ ಕೇಳಲಿ ಅವನ್ನ." ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಪಾಪ, ಆಕಿ ಕೇಳ್ಯಾಳ. ಉತ್ತರಾ ಬರೀರಿ. ಖರೇ ಬರೀರಿ."

ಉಮಾನಾಥ ಸಹ್ಯಾದ್ರಿಯನ್ನು ಅಳಿಸಿದ. ಶೂನ್ಯವನ್ನೂ ಅನಾಹತ ನಾದವನ್ನೂ ಅಳಿಸಿದ. ಹೆಂಡತಿ ಒಂದೊಂದು ಅಕ್ಷರವನ್ನೂ ನೋಡುತ್ತಿದ್ದಂತೆ, ಎರಡೇ ಬೆರಳಿನಲ್ಲಿ, ಹೆಲ್ಗಾಳಿಗೆ ಬರೆದ:

"ಅದು ವಾದ್ಯವಲ್ಲ. ನನ್ನ ಹೆಂಡತಿಯ ಅಣ್ಣ, ಜಯರಾಮ. ಅವರಿಗೆ ನೋವಿತ್ತು. ನಾನು ನುಡಿಸಿದ್ದು ಏನೂ ಇಲ್ಲ, ಹೊರಗೆ ಗ್ಯಾಲರಿಯಲ್ಲಿ ಕೂತಿದ್ದೆ."