ಮೇಲಿನ ಖಾಲಿ ಮನೆಯ ವಾದ್ಯಗೋಷ್ಠಿ

ನಿವೃತ್ತನಾದವನು ಸುಮ್ಮನೆ ಕೂತರೂ ಏನಾದರೊಂದು ನಡೆದೇ ತೀರುತ್ತದೆ. ನನ್ನಂಥವನ ಕೈಗೆ ಮಗಳು ಟ್ಯಾಬ್ಲೆಟ್ ಕೊಟ್ಟ ಮೇಲಂತೂ ಕೇಳಲೇಬೇಡಿ.

೧. ಮೂರು ಸೆಕೆಂಡಿನ ಹೆಂಡತಿ

ಅದರಲ್ಲೊಂದು ಸಂಗೀತದ ಆ್ಯಪ್. ಒಂದು ಚೂರು ಧ್ವನಿ ಹಿಡಿದುಕೊಟ್ಟರೆ ಅದನ್ನೇ ಸುತ್ತಿಸುತ್ತಾ ಇರುತ್ತದೆ, ಲೂಪ್ ಅಂತಾರೆ. ಮೇಲೆ ತಾಳ, ತಂಬೂರಿ ಪೇರಿಸುತ್ತಾ ಹೋದರೆ ಪೂರ್ತಿ ಹಾಡು! ನನ್ನಾಕೆ ಅಡುಗೆಮನೆಯಿಂದ “ರೀ... ಬರ್ರೀ...” ಅಂದದ್ದನ್ನು ಹಿಡಿದು ವೇಗ ಅರ್ಧಕ್ಕಿಳಿಸಿದೆ. ಹಾಳುಬಾವಿಯೊಳಗಿಂದ ಯಾರೋ ಕರೆದ ಹಾಗಾಯಿತು. ಸೌಟು ಹಿಡಿದೇ ಬಂದಳು.

“ಇದು ನಾನಾ?”

“ಹೂಂ ಕಣೇ.”

“ಇಷ್ಟು ನಿಧಾನಕ್ಕೆ ಕರೆದಿದ್ರೆ ನೀವು ಒಂದು ದಿನಾನಾದ್ರೂ ಬಿಸಿ ಊಟ ಮಾಡ್ತಿದ್ರಾ?”

೨. ಕಿವಿ

ವಾರದ ಮೇಲೆ ಟ್ಯಾಬ್ಲೆಟ್ ಮೂಕವಾಯಿತು. ಪರದೆ ಮೇಲೆ ಗೆರೆಗಳು ಕುಣಿಯುತ್ತಿವೆ, ಸದ್ದಿಲ್ಲ. ನನ್ನ ಕಿವಿಯೇ ಹೋಯಿತೆಂದು ವಾಲ್ಯೂಮ್ ಪೂರ್ತಿ ಏರಿಸಿದೆ. ಊಹೂಂ. ಡಾಕ್ಟರು ಪರೀಕ್ಷಿಸಿ, ಕಿವಿ ಚೆನ್ನಾಗಿದೆ ಅಂದರು. ಆಟೋದಲ್ಲಿ ನನ್ನಾಕೆ ಕೇಳಿದಳು: “ನಾನು ಹೇಳಿದ್ದು ಕೇಳಿಸದೇ ಇದ್ದಾಗ ಯಾವತ್ತಾದ್ರೂ ಡಾಕ್ಟರ ಹತ್ರ ಓಡಿದ್ರಾ?”

ಸದ್ದು ನಾಳೆ ಬಂದೀತು ಅಂತ ನಾನು ಕಣ್ಣಳತೆಯಲ್ಲೇ ಪೇರಿಸುತ್ತಾ ಹೋದೆ.

೩. ಬಾಗಿಲ ಮೇಲಿನ ಬರಹ

ನಾವಿರುವುದು ಆರ್.ಟಿ. ನಗರದಲ್ಲಿ, ಬಾಡಿಗೆಗೆ. ಮಾಲೀಕರು ಚಿಕ್ಕಜಾಲದ ಕಡೆಯ ಒಕ್ಕಲು ಮನೆತನದವರು. ನಮ್ಮ ಮೇಲಿನ ಮನೆ ಖಾಲಿ. ಆಷಾಢ ಹತ್ತಿರ ಬರುತ್ತಿತ್ತು. ಬಂದರೆ ಯಾರೂ ಮನೆ ಬದಲಾಯಿಸುವುದಿಲ್ಲ. ಅಷ್ಟರಲ್ಲಿ ನೋಡಲು ಬಂದವರೆಲ್ಲ ಮೆಟ್ಟಿಲು ಹಾರಿ ಓಡಿದರು. ಮಾಲೀಕರು ಬೆವರುತ್ತಾ ಬಂದರು.

“ಸಾರ್, ಮೇಲೆ ಯಾವ್ದೋ ಎಂಗ್ಸು ಕರೀತಾಳೆ.”

“ಏನಂತ?”

“ಬರ್ರೀ ಅಂತ.”

ನನ್ನ ಬೆನ್ನಲ್ಲಿ ಐಸು ಇಳಿಯಿತು. ಓದಿದವನಲ್ಲವೇ, “ಎಲ್ಲ ಭ್ರಮೆ” ಅಂದೆ.

ಮೂರು ದಿನ ಬಿಟ್ಟು ಮತ್ತೆ ಬಂದರು. “ಮೊದ್ಲು ಒಬ್ಳೇ ಇದ್ಲು ಸಾರ್. ಈಗ ನಾಕು ಜನ ಆಗವ್ರೆ, ತಮಟೆ ಬೇರೆ!”

ಹೆದರಿ ಆ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದರು. ದೆವ್ವ ನಿಲ್ಲಲಿಲ್ಲ. ಮನೆ ನೋಡಲು ಬಂದವರು ಮಾತ್ರ ಓದಿಕೊಂಡು ವಾಪಸ್ ಹೋದರು.

೪. ಹೋಮ

ಕೊನೆಗೆ ಮಾಲೀಕರು ಪುರೋಹಿತರನ್ನು ಕರೆತಂದರು. ನಾನೂ ಟ್ಯಾಬ್ಲೆಟ್ ಹಿಡಿದೇ ಮೇಲೆ ಹೋದೆ. ಮಟಮಟ ಮಧ್ಯಾಹ್ನ, ಕಿಟಕಿಗಳೆಲ್ಲ ಮುಚ್ಚಿ ಒಳಗೆ ಕತ್ತಲು. ಮೂಲೆಯಲ್ಲಿ ಕೂತು, ಕೈ ಸುಮ್ಮನಿರಬೇಕಲ್ಲ, ನನ್ನ ಹಾಡಿನ ಮುಕ್ತಾಯಕ್ಕೊಂದು ಕುಕ್ಕರ್ ಸೀಟಿ ಸೇರಿಸಿ ಒತ್ತಿದೆ.

ತಲೆಯ ಮೇಲಿಂದ, “ರೀ... ಬರ್ರೀ...” ನಾಲ್ಕು ಕಂಠ, ಹಿಂದೆ ಎದೆ ಬಡಿತದಂಥ ತಾಳ, ಆಮೇಲೆ ಸತ್ತವರು ಉಸಿರು ಬಿಟ್ಟಂಥ ದೀರ್ಘ ‘ಸ್ಸ್...’ ಪುರೋಹಿತರ ಕೈಯಿಂದ ತುಪ್ಪದ ಸೌಟು ಬಿತ್ತು. ಗಾಬರಿಯಲ್ಲಿ ನಿಲ್ಲಿಸಿದೆ. ನಿಂತಿತು. ಮತ್ತೆ ಒತ್ತಿದೆ. ಬಂತು! ಇಬ್ಬರೂ ನನ್ನ ಬೆರಳನ್ನೇ ನೋಡಿದರು.

ಅಟ್ಟದ ಮೇಲೊಂದು ಬ್ಲೂಟೂತ್ ಸ್ಪೀಕರ್. ಖಾಲಿ ಮನೆ ಮೌನವಾಗಿರಬಾರದೆಂದು, ದಿನವಿಡೀ ಮಂತ್ರ ಹಾಕಲು ಮಾಲೀಕರ ತಾಯಿ ನನ್ನ ಕೈಲೇ ಇಡಿಸಿದ್ದು. ಅದು ಕೆಲಸ ಮಾಡುತ್ತದೋ ಎಂದು ನನ್ನ ಟ್ಯಾಬ್ಲೆಟ್‌ಗೆ ಜೋಡಿಸಿ ನೋಡಿ, ಬಿಡಿಸಲು ಮರೆತವನು ನಾನೇ.

ಮಾಲೀಕರು ಸ್ಪೀಕರನ್ನು ಅಟ್ಟದಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡರು. ಆಮೇಲೆ ಅಂದರು:

“ದೆವ್ವ ಆಗಿದ್ರೆ ಇವತ್ತೇ ಓಡಿಸ್ಬೋದಿತ್ತು ಸಾರ್. ನಿಮ್ದು ಅಗ್ರಿಮೆಂಟು ಇನ್ನೂ ಎಂಟು ತಿಂಗ್ಳು ಐತಲ್ಲ!”